ಜೀಪಿನ ಹಿಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಕೂಡಿಸಿದ ವಾರ

ಜುಲೈ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಏಳನೆಯ ತರಗತಿಯ ನನ್ನ ನೋಟುಪುಸ್ತಕದಲ್ಲಿ ಹಾಗೆಂದು ಬರೆದಿದೆ. ಆ ದಿನಗಳಲ್ಲಿ ನನಗೆ ಎಲ್ಲವನ್ನೂ ಎಣಿಸಿ ಬರೆದಿಡುವ ಹುಚ್ಚು. ಕೋಳಿ ಇಟ್ಟ ತತ್ತಿ, ಕರೆಂಟು ಹೋದ ಹೊತ್ತು, ಅವ್ವ ಬಡಿದ ರೊಟ್ಟಿ, ಒಂದೊಂದಕ್ಕೂ ಒಂದೊಂದು ಪುಟ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆಯಿತ್ತು. ಬೆಳಗಾದರೆ ಬೇಯಿಸಿದ ಭತ್ತದ ಬಿಸಿ ವಾಸನೆ, ಕಟ್ಟೆಯ ಮೇಲೆಲ್ಲ ಹೊಟ್ಟಿನ ಕರಿ ಬೂದಿ. ಆ ಬೂದಿಯಲ್ಲಿ ಬೆರಳಾಡಿಸಿ ಹೆಸರು ಬರೆದು ಬೈಸಿಕೊಂಡವರು ನಿಮ್ಮಲ್ಲೂ ಇರಬೇಕು.

ಅಪ್ಪನದೊಂದು ಹಳೆಯ ಜೀಪು. ನಾಟಿಯ ಕಾಲದಲ್ಲಿ ಕಾಲುವೆಯಾಚೆಯ ಊರಿನಿಂದ ಹೆಣ್ಣುಮಕ್ಕಳನ್ನು ಗದ್ದೆಗೆ ಕರೆದೊಯ್ಯುವುದು ಅವನ ಕೆಲಸ. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಇತ್ತು. ಹಿಂದಿನವಕ್ಕೆ ಡ್ರಮ್. ಡ್ರಮ್ ಎಂದರೆ ಮುಚ್ಚಿದ ಡಬ್ಬಿ. ಒಳಗೆ ಹೊಕ್ಕ ನೀರು, ಕೆಸರು ಸುಲಭಕ್ಕೆ ಹೊರಬೀಳುವುದಿಲ್ಲ. ಹಿಂದಿನ ವರ್ಷ ಹಳ್ಳ ದಾಟಿ ಕಾಲುವೆಯ ಏರಿಯಿಂದ ಕೆಳಗಿಳಿಯುವಾಗ ಮುಂದಿನ ಗಾಲಿಗಳು ಕೆಸರಿನಲ್ಲಿ ಜಾರಿದವು, ನೆನೆದ ಹಿಂದಿನ ಬ್ರೇಕು ಹಿಡಿಯಲೇ ಇಲ್ಲ. ಹನ್ನೊಂದು ಮಂದಿ ಕೂತಿದ್ದ ಜೀಪು ಹುಲ್ಲಿನ ಬಣವೆಗೆ ಗುದ್ದಿ ನಿಂತಿತು. ಬಣವೆ ಇರದಿದ್ದರೆ ಮುಂದೆ ಕಾಲುವೆಯೇ.

ಆ ಗುಂಪಿನ ಹಿರಿಯಳು ದ್ಯಾವಮ್ಮ. ಈ ಸಲ ನಾಟಿಗೆ ಒಂಬತ್ತು ದಿನ ಇರುವಾಗ ಮನೆಗೇ ಬಂದಳು. ಅವ್ವ ಕೊಟ್ಟ ಚಹಾ ಕುಡಿದು ಕಪ್ಪು ಕೆಳಗಿಟ್ಟು ಹೇಳಿದಳು:

"ಶರಣಪ್ಪಾ, ನೀ ಭಾಳ ಛಲೋ ಮನಿಷ್ಯಾ. ನಿನ್ನ ಗಾಡಿ ಛಲೋ ಇಲ್ಲ. ಅದು ನಿಂದ್ರೂದು ಕಣ್ಣಿಲೆ ನೋಡೇ ಹತ್ತತೀವಿ."

ಅವಳ ಮೊಣಕೈಯ ಮೇಲಿನ ಕಲೆ ಆ ಬಣವೆಯ ದಿನದ್ದೇ ಆಗಿತ್ತು.

ಹೀಗಾಗಿ ಆ ಭಾನುವಾರ ಏಳು ಇಪ್ಪತ್ತಕ್ಕೆ ಅಪ್ಪ, ನಾನು, ಮೌನೇಶ ಕಾಕಾ ಗುಜರಿಯೊಳಗೆ ಕಾಲಿಟ್ಟೆವು. ಮೌನೇಶ ಕಾಕಾ ಅಪ್ಪನ ಗೆಳೆಯ, ಕಬ್ಬಿಣ ಕಡೆಯುವ ಲೇತ್ ಯಂತ್ರದ ಅಂಗಡಿಯವನು. ಹಿಂಭಾಗ ಜಜ್ಜಿಹೋಗಿದ್ದ ಒಂದು ಕಾರನ್ನು ಅವನೇ ಹುಡುಕಿದ. ಅದರ ಮುಂದಿನ ಗಾಲಿಗಳ ಎರಡು ಡಿಸ್ಕು, ಅವನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಎರಡು ಕ್ಯಾಲಿಪರ್ ಬಿಚ್ಚಿಕೊಂಡೆವು. ಡಿಸ್ಕು ಬಯಲಿಗೇ ತಿರುಗುವ ತಟ್ಟೆ, ನೀರು ನಿಲ್ಲಲು ಅದರಲ್ಲಿ ಜಾಗವಿಲ್ಲ.

"ಲೆಕ್ಕದವ್ವಾ, ಚೀಟಿ ಕಟ್ಟೂದು ನಿನ್ನ ಕೆಲಸ," ಎಂದ ಕಾಕಾ. "ಯಾವುದು ಎಡಕ, ಯಾವುದು ಬಲಕ, ಬರದು ಕಟ್ಟು. ಅದಲಿ ಬದಲಿ ಆಗಬಾರ್ದು ನೋಡು."

ನಾನು ಬರೆದೆ, ಕಟ್ಟಿದೆ, ಪುಸ್ತಕದಲ್ಲೂ ದಾಖಲಿಸಿದೆ. ಇಷ್ಟು ದೊಡ್ಡ ಕೆಲಸದಲ್ಲಿ ನನ್ನ ಅಕ್ಷರ ನಡೆಯುತ್ತಿದೆಯೆಂದು ಹೆಮ್ಮೆಯಿಂದ ಉಬ್ಬಿಹೋಗಿದ್ದೆ.

ಸೋಮವಾರ ಡ್ರಮ್ ಬಿಚ್ಚಿದರು. ಒಳಗೆ ಎರಡು ಬೊಗಸೆ ಒಣ ಕೆಸರು, ಒಂದು ಭತ್ತದ ತೆನೆ. ಸವೆದ ಬ್ರೇಕಿನ ಪಟ್ಟಿಯ ಒಂದು ಚೂರನ್ನು ನಾನು ಕುಂಟಾಬಿಲ್ಲಿ ಆಡಲು ಒಯ್ದೆ. ಓಣಿಯಲ್ಲಿ ಅಷ್ಟು ನೆಟ್ಟಗೆ ಬೀಳುವ ಬಿಲ್ಲೆ ಯಾರ ಬಳಿಯೂ ಇರಲಿಲ್ಲ. ಮಂಗಳವಾರ, ಬುಧವಾರ ಕಾಕಾ ದಪ್ಪ ಕಬ್ಬಿಣದ ತಗಡು ಕತ್ತರಿಸಿ, ಕ್ಯಾಲಿಪರ್ ಕೂರುವ ಎರಡು ಹಿಡಿಕೆ ಮಾಡಿದ. ಜೀಪಿನ ಗಾಲಿಯ ಬೋಲ್ಟಿಗೆ ಹೊಂದುವಂತೆ ಡಿಸ್ಕುಗಳಿಗೆ ಐದೈದು ಹೊಸ ತೂತು ಹಾಕಿದ. ಗುರುವಾರ ಎಲ್ಲ ಕೂತಿತು. ಹ್ಯಾಂಡ್‌ಬ್ರೇಕ್ ನಮ್ಮ ಜೀಪಿನಲ್ಲಿ ಗೇರ್‌ಬಾಕ್ಸಿನ ಹಿಂದೆ ಇದ್ದುದರಿಂದ ಅದನ್ನು ಮುಟ್ಟುವ ಕೆಲಸ ಬರಲಿಲ್ಲ.

ಉಳಿದದ್ದು ಬ್ರೇಕ್ ಎಣ್ಣೆಯ ಕೊಳವೆಯಿಂದ ಗಾಳಿ ತೆಗೆಯುವುದು. ಶುಕ್ರವಾರ ಸಾಲೆ ಬಿಟ್ಟ ಮೇಲೆ ನಾನು ಸೀಟಿನ ತುದಿಯಲ್ಲಿ ಕೂತು ಪೆಡಲ್ ಒತ್ತುವುದು, ಕೆಳಗೆ ಮಲಗಿದ ಕಾಕಾ ಕ್ಯಾಲಿಪರಿನ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಡುವುದು.

"ಒತ್ತು. ಹಿಡಕೋ. ಬಿಡು. ಉಂಡಿಯೋ ಇಲ್ಲೋ? ಜೋರ್ಲೆ ಒತ್ತು!"

ಶುಕ್ರವಾರ ನೂರಾ ಹನ್ನೆರಡು ಸಲ ಒತ್ತಿದೆ. ಶನಿವಾರ ನೂರಾ ನಲವತ್ತಾರು. ಗುಳ್ಳೆ ಬರುವುದು ನಿಂತಿತು, ಪೆಡಲ್ ಮಾತ್ರ ಹಾಲಿನಲ್ಲಿ ನೆನೆದ ರೊಟ್ಟಿಯಂತೆ ಮೆತ್ತಗೆ ಇಳಿಯುತ್ತಿತ್ತು.

"ಗುಜರಿ ಮಾಲು ಎಷ್ಟಂದ್ರೂ ಗುಜರಿ," ಎಂದ ಅಪ್ಪ. "ಡ್ರಮ್ಮಽ ಹಾಕಿಬಿಡು ಮೌನೇಶ. ಬ್ಯಾರೆ ಗಾಡಿ ನೋಡ್ಕೋ ಅಂತ ದ್ಯಾವಮ್ಮಗ ಹೇಳತೀನಿ."

ಕಾಕಾ ಕೈ ಒರೆಸಿಕೊಳ್ಳತೊಡಗಿದ. ದ್ಯಾವಮ್ಮನ ಗುಂಪು ಹೋದರೆ ಅಪ್ಪನಿಗೆ ಆ ನಾಟಿಯಲ್ಲಿ ಕೆಲಸವಿರಲಿಲ್ಲ. ಹಾಗೆಂದು ಹಿಡಿಯದ ಬ್ರೇಕಿನ ಗಾಡಿಗೆ ಯಾರನ್ನೂ ಹತ್ತಿಸುವವನೂ ಅವನಲ್ಲ.

ಭಾನುವಾರ ಬೆಳಿಗ್ಗೆ ಲೆಕ್ಕ ಕೂಡಿಸಲು ಪುಸ್ತಕ ತೆರೆದೆ. ಹಿಂದಿನ ಭಾನುವಾರದ ಪುಟ ಕಣ್ಣಿಗೆ ಬಿತ್ತು. "ಎಡ: ನಾನು ಕಾರಿನ ಮುಂದೆ ಅದರ ಮುಖ ನೋಡುತ್ತ ನಿಂತಾಗ ಎಡಗೈ ಕಡೆಯದು." ಮೂರು ಸಲ ಓದಿದೆ. ನಮ್ಮಲ್ಲಿ ಎಡ ಎತ್ತು, ಬಲ ಎತ್ತು ಎಂದರೆ ಹಿಂದೆ ನಿಂತು ಹೊಡೆಯುವವನ ಎಡ, ಬಲ. ಗಾಡಿಗೂ ಅದೇ ರೂಢಿ. ಹೊಲದಲ್ಲಿ ಬೆಳೆದ ಅಪ್ಪನಾಗಲಿ ಕಾಕಾನಾಗಲಿ ನನ್ನ ಚೀಟಿಯನ್ನು ಬೇರೆ ರೀತಿ ಓದುವ ಮಾತೇ ಇರಲಿಲ್ಲ.

ಪುಟ ಹರಿದುಬಿಡಲೇ ಎಂದು ಒಂದು ಗಳಿಗೆ ಅನಿಸಿತು, ಸುಳ್ಳು ಹೇಳಲಾರೆ. ಆದರೆ ಅಂಗಡಿಗೆ ಓಡಿದೆ. ಕಾಕಾ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತಿದ್ದ. ಡ್ರಮ್ ಮತ್ತೆ ಹಾಕಿಸಲು ಅಪ್ಪನೂ ಬಂದಿದ್ದ.

"ಕಾಕಾ, ಎಡದ್ದು ಬಲಕ್ಕ ಹೋಗೈತ್ರಿ. ನಂದಽ ತಪ್ಪು."

ಕಾಕಾ ಪುಟ ಓದಿದ. ಮಿರ್ಚಿ ಬಾಯಲ್ಲಿರುವಾಗಲೇ ಜೀಪಿನ ಕೆಳಗೆ ಹೊಕ್ಕ. ಒಳಗಿನಿಂದ ಅವನ ನಗು ಕೇಳಿಸಿತು.

"ಶರಣಪ್ಪಾ, ಬಗ್ಗಿ ನೋಡಿಲ್ಲೆ! ನಿಪ್ಪಲ್ ಕೆಳಗ ಐತಿ, ಗಾಳಿ ಮ್ಯಾಲ ಕುಂತೈತಿ. ಕೆಳಗಿನ ಬಾಗಲಾ ತಗದು ಹೋಗು ಹೋಗು ಅಂದ್ರ ಅದ್ಯಾಕ ಹೋಗತೈತಿ? ಎರಡು ದಿನ ಇದರ ಕೆಳಗ ಮಲಗಿ ನನಗೂ ಹೊಳಿಲಿಲ್ಲ, ನಾ ಎಂಥಾ ಮಂಗ್ಯಾ!"

ಹೊರಗೆ ಬಂದು ನನ್ನ ಕಡೆ ನೋಡಿ, "ಎತ್ತಿನ ಮಾರಿ ನೋಡಕೋಂತ ಎಡ-ಬಲ ಎಣಸಿದಾಕಿ ಗಂಗಾವತ್ಯಾಗ ನೀನಽ ಮೊದಲ್ನೇಕಿ," ಎಂದ.

ನಾನು ಅಪ್ಪನ ಮುಖ ನೋಡಲಿಲ್ಲ. ಅಪ್ಪ ಪುಸ್ತಕ ಇಸಿದುಕೊಂಡು ಆ ಸಾಲಿನ ಮೇಲೆ ಎಣ್ಣೆಗೈಯ ಹೆಬ್ಬೆರಳಿಟ್ಟ.

"ತಪ್ಪು ಬರದೀ, ಖರೆ. ಎಲ್ಲಿ ನಿಂತು ಬರದೆ ಅಂತನೂ ಬರದೀಯಲ್ಲ, ಅದಕ್ಕ ಸಿಕ್ತು. ಅಳಬ್ಯಾಡ. ಹೋಗಿ ಸೀಟಿನ ಮ್ಯಾಲ ಕುಂದ್ರು."

ಎರಡೂ ಕ್ಯಾಲಿಪರ್ ಅದಲುಬದಲು ಮಾಡಿದರು. ಮೂವತ್ತೊಂದನೆಯ ಒತ್ತಿಗೆ ಪೆಡಲ್ ಕಲ್ಲಾಯಿತು.

ಸೋಮವಾರ ಬೆಳಿಗ್ಗೆ ಆರಕ್ಕೆ ದ್ಯಾವಮ್ಮನ ಗುಂಪು ಏರಿಯ ಮೇಲೆ ಸಾಲಾಗಿ ನಿಂತಿತ್ತು. ಅಪ್ಪ ಒಬ್ಬನೇ ಹಳ್ಳದ ನೀರಿನಲ್ಲಿ ಜೀಪು ಹಾಯಿಸಿ, ಏರಿ ಹತ್ತಿ, ಇಳಿಜಾರಿನ ನಡುವೆ ಬ್ರೇಕು ಒತ್ತಿದ. ಗೂಟ ಬಡಿದಂತೆ ನಿಂತಿತು.

"ಇನ್ನೊಮ್ಮಿ," ಎಂದಳು ದ್ಯಾವಮ್ಮ.

ಮತ್ತೆ ನಿಂತಿತು.

"ಮತ್ತೊಮ್ಮಿ."

ಮೂರನೆಯ ಸಲ ನಿಂತಾಗ ಸೆರಗು ಸಿಕ್ಕಿಸಿಕೊಂಡು, "ಹತ್ರೆವ್ವಾ. ಬಣವಿ ಇನ್ನ ದನಕ್ಕಽ ಇರ್ಲಿ," ಎಂದು ತಾನೇ ಮೊದಲು ಹತ್ತಿದಳು. ಹನ್ನೊಂದು ಮಂದಿಯೂ ನಗುತ್ತ ಹತ್ತಿದರು. ನಾನು ಎಣಿಸಿಕೊಂಡೆ.

ಆ ಬ್ರೇಕು ಆರು ನಾಟಿ ನಡೆಯಿತು. ಒಂದು ಸಲವೂ ಕೈಕೊಟ್ಟದ್ದು ನನ್ನ ಪುಸ್ತಕದಲ್ಲಿಲ್ಲ. ಈಗ ಜೀಪು ಮಾರಿಹೋಗಿದೆ. ಆ ಗದ್ದೆಗಳಲ್ಲಿ ಹಲವಕ್ಕೆ ನಾಟಿಯ ಯಂತ್ರ ಬಂದಿದೆ. ದ್ಯಾವಮ್ಮ ಮೊಮ್ಮಗಳ ಮನೆಯಲ್ಲಿದ್ದಾಳೆ, ಸಿಕ್ಕರೆ ಇಂದಿಗೂ "ಬ್ರೇಕಿನ ಹುಡುಗಿ" ಎನ್ನುತ್ತಾಳೆ. ಮೌನೇಶ ಕಾಕಾ ತೀರಿಕೊಂಡು ನಾಲ್ಕು ವರ್ಷವಾಯಿತು. ಲೇತ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ತಪ್ಪು ಮಾಡಿದ ಮಗುವನ್ನು ಮತ್ತೆ ಅದೇ ಸೀಟಿನ ಮೇಲೆ ಕೂರಿಸಿದ ಇಬ್ಬರಿಗೆ ನಾನು ಋಣಿ. ಒಬ್ಬನಿಗೆ ಹೇಳಿದ್ದೇನೆ. ಇನ್ನೊಬ್ಬನಿಗೆ ಹೇಳುವುದು ಉಳಿದುಹೋಯಿತು.

ಒಂದು ವಿಷಯ ಮಾತ್ರ ಬರೆದುಕೊಂಡಿಲ್ಲ. ಬೇರೆ ಕಾರಿನ ಡಿಸ್ಕಿಗೆ ಹೊಸ ತೂತು ಹಾಕುವಾಗ ಕಾಕಾ ಅದನ್ನು ಸ್ವಲ್ಪವೂ ಓಲಾಡದಂತೆ ನಡುಮಧ್ಯಕ್ಕೆ ಹೇಗೆ ತರುತ್ತಿದ್ದ? ತಿರುಗುವ ತಟ್ಟೆಯ ಅಂಚಿಗೆ ಸೀಮೆಸುಣ್ಣ ಹಿಡಿದು, ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದ, ಅಷ್ಟು ನೆನಪಿದೆ. ಅವನ ಕೈಕೆಳಗೆ ದುಡಿದವರು, ಗಂಗಾವತಿ, ಕೊಪ್ಪಳ, ಕುಷ್ಟಗಿಯ ಕಡೆ ಹಳೆಯ ಲೇತಿನ ಮೇಲೆ ಹೀಗೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಆ ಬುಧವಾರದ ಪುಟದಲ್ಲಿ ಅರ್ಧ ಜಾಗ ಖಾಲಿ ಇದೆ.