ಹಿಂಗಾವಲಿನ ಚೀಲ

ನಮ್ಮ ಗ್ಯಾರೇಜಿನ ಗೋಡೆಯಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ನೆತ್ತಿಗೆ ಸರಿಯಾಗಿ, ಒಂದು ಮೊಳೆಗೆ ಬೂದುಬಣ್ಣದ ಬೆನ್ನುಚೀಲವೊಂದು ನೇತಾಡುತ್ತಿರುತ್ತದೆ. ಅದರೊಳಗೆ ಒಂದು ಸ್ಕ್ರೂಡ್ರೈವರ್, ಎರಡು ಜೊತೆ ಕೈಗವಸು, ನೋವಿನ ಮುಲಾಮು, ಒಂದು ಸೀಟಿ ಇರುತ್ತವೆ. ಚಳಿಗಾಲದ ಶನಿವಾರಗಳಂದು ಇವುಗಳ ಜೊತೆಗೆ ನಾಲ್ವರಿಗೆ ಸಾಲುವಷ್ಟು ಮೊಸರನ್ನದ ಸ್ಟೀಲ್ ಡಬ್ಬಿಯೂ ಸೇರುತ್ತದೆ. ಹಿಮದ ಇಳಿಜಾರಿನಲ್ಲಿ ಸ್ಕೀ ಮಾಡುವ ನಮ್ಮ ಪುಟ್ಟ ಗುಂಪಿನಲ್ಲಿ ಎಲ್ಲರಿಗಿಂತ ಕೊನೆಯಲ್ಲಿ ಇಳಿಯುವವನು ಈ ಚೀಲವನ್ನು ಹೊರಬೇಕೆಂಬುದು ಪದ್ಧತಿ. ಮುಂದಿನವರು ಬಿದ್ದರೆ ಎಬ್ಬಿಸುವುದು, ಕಳಚಿಹೋದ ಕೋಲು ಹೆಕ್ಕಿಕೊಡುವುದು ಅವನ ಕೆಲಸ. ಈ ಹಿಂಗಾವಲಿನ ಪದವಿಯನ್ನು ಎಂಟು ವರ್ಷ ನಾನೊಬ್ಬನೇ ಅಲಂಕರಿಸಿದ್ದೆ. ಚುನಾವಣೆ ನಡೆದಿರಲಿಲ್ಲ.

ಗುಂಪೆಂದರೆ ದೊಡ್ಡದೇನಲ್ಲ, ಅಮೆರಿಕಕ್ಕೆ ಬಂದು ನೆಲೆಸಿದ ನಾಲ್ವರು ಕನ್ನಡಿಗರು. ಮುಕಿಲ್ಟಿಯೊ ಕಡೆಯ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿರುವ ಧಾರವಾಡದ ಗಿರಿಜಾ, ನಮ್ಮ ಪೈಕಿ ವಯಸ್ಸಿನಲ್ಲೂ ವೇಗದಲ್ಲೂ ಹಿರಿಯರು. ಬೆಂಗಳೂರಿನ ನಾಗೇಶ, ಅವನ ಹೆಂಡತಿ ಲತಾ, ಇಬ್ಬರೂ ಸಾಫ್ಟ್‌ವೇರಿನವರು. ನಾಲ್ಕನೆಯವನು ನಾನು, ಮೈಸೂರಿನ ಮೂರ್ತಿ, ನಾರ್ತ್ ಕ್ರೀಕಿನ ಕಚೇರಿಯೊಂದರಲ್ಲಿ ಪರೀಕ್ಷಾ ವಿಭಾಗದವನು. ನಲವತ್ತರ ತನಕ ನಾನು ಕಂಡಿದ್ದ ಹಿಮವೆಲ್ಲ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವ ಹಿಮ. ಅದನ್ನು ಕೆರೆದು ತೆಗೆಯುವುದೇ ಚಳಿಗಾಲದ ಕ್ರೀಡೆಯೆಂದು ತಿಳಿದಿದ್ದ ಪ್ರಾಣಿ, ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಜಾರಲು ಕಲಿತದ್ದು ಈ ಮೂವರು ಹುರಿದುಂಬಿಸಿದ್ದರಿಂದ.

ಈಗ ನಿಮ್ಮ ಹತ್ತಿರ ಮುಚ್ಚುಮರೆಯೇಕೆ? ಹಿಂದಿನ ಫೆಬ್ರವರಿಯಲ್ಲಿ ನಾನು ಬಲಕ್ಕೆ ತಿರುಗುವಾಗ ಒಂದು ತಿರುವಿನ ಮರೆಯಲ್ಲಿ ಬಿದ್ದೆ. ಮೂಳೆ ಮುರಿಯಲಿಲ್ಲ, ಚರ್ಮ ತರಚಲಿಲ್ಲ. ಹತ್ತು ನಿಮಿಷ ಆಕಾಶ ನೋಡುತ್ತ ಮಲಗಿದ್ದೆ, ಅಷ್ಟೇ. ಕೆಳಗೆ ಹೋಗಿ ‘ಬೂಟಿನ ಬಕಲ್ ಸಡಿಲವಾಗಿತ್ತು’ ಎಂದೆ. ಆದರೆ ಅಂದಿನಿಂದ ಬಲಕ್ಕೆ ತಿರುಗಬೇಕೆಂದರೆ ವೇಗ ಇಳಿಸಿ, ಅಡ್ಡಡ್ಡ ಜಾರಿಕೊಂಡು ಹೇಗೋ ದಾಟುತ್ತಿದ್ದೆ. ಹೆದರಿಕೆಯಾಗುತ್ತಿತ್ತು ಎಂದು ಬಾಯಿಬಿಟ್ಟು ಹೇಳಿಬಿಡುತ್ತೇನೆ. ಕೊನೆಯಲ್ಲಿ ಬರುವವನ ಹಿಂದೆ ಯಾರೂ ಇರುವುದಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂರುವವನನ್ನು ನೀವು ನೋಡಿರುತ್ತೀರಿ: ಎಲ್ಲರಿಗೂ ಬಡಿಸಿ ಕೂತ ಪುಣ್ಯಾತ್ಮನೆಂದು ಜನ ಕೊಂಡಾಡುತ್ತಾರೆ; ಬೆಳಿಗ್ಗೆ ಅವನು ಐದು ಇಡ್ಲಿ ಹೆಚ್ಚಾಗಿ ತಿಂದಿದ್ದ ಸಂಗತಿಯನ್ನು ಯಾರೂ ವಿಚಾರಿಸುವುದಿಲ್ಲ. ನನ್ನ ಹಿಂಗಾವಲೂ ಆ ಜಾತಿಯದು.

ಹೀಗಿರುವಾಗ ಜನವರಿಯಲ್ಲಿ ನಾಗೇಶ, ‘ಈ ಗುಡ್ಡ ಸಾಕಾಯ್ತು ಗುರೂ, ಮಾರ್ಚಲ್ಲಿ ಆಲ್ಪ್ಸ್‌ಗೆ ಹೋಗೋಣ’ ಎಂದ. ಯಾವ ಊರೆಂದು ಆರಿಸುವ ಹೊಣೆ, ಜವಾಬ್ದಾರಿಯುಳ್ಳವನೆಂಬ ಖ್ಯಾತಿಯ ದೆಸೆಯಿಂದ, ನನ್ನ ತಲೆಗೆ ಬಂತು. ನಮ್ಮವರು ಯಾವ ಕೆಲಸಕ್ಕೂ ಮೊದಲು ಒಂದು ಫಾರ್ಮ್ ಮಾಡುತ್ತಾರೆ. ನಾನೂ ಮಾಡಿ ಕಳಿಸಿದೆ. ‘ನಿಮ್ಮ ಸ್ಕೀಯಿಂಗ್ ಮಟ್ಟವೇನು?’ ಎಂಬ ಪ್ರಶ್ನೆಗೆ ನಾಲ್ವರೂ ‘ಪೂರ್ಣ ಆತ್ಮವಿಶ್ವಾಸ’ ಎಂದು ಗುರುತು ಹಾಕಿದ್ದರು. ನಾನು ಎಲ್ಲರಿಗಿಂತ ಮೊದಲು ಹಾಕಿದ್ದೆ.

ಇಲ್ಲಿ ಸ್ವಲ್ಪ ಬಣ್ಣಗಳ ವಿಚಾರ ಹೇಳಬೇಕು. ಅಮೆರಿಕದ ಇಳಿಜಾರುಗಳಲ್ಲಿ ಹಸಿರು ಸುಲಭದ ದಾರಿ, ನೀಲಿ ಮಧ್ಯಮ, ಕಪ್ಪು ಕಷ್ಟ; ಕೆಂಪು ಎಂಬುದೇ ಇಲ್ಲ. ಯುರೋಪಿನಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಅಂದರೆ ಅವರ ಕೆಂಪು ಹೆಚ್ಚುಕಡಿಮೆ ನಮ್ಮ ನೀಲಿಯೇ. ಆದರೆ ಪ್ರತಿ ಸೋಮವಾರ ಕಚೇರಿಯ ವರದಿಯಲ್ಲಿ ಹಸಿರಾದರೆ ಕ್ಷೇಮ, ಹಳದಿಯಾದರೆ ಎಚ್ಚರ, ಕೆಂಪಾದರೆ ಮ್ಯಾನೇಜರನ ಕುರ್ಚಿ ಅಲ್ಲಾಡುತ್ತದೆ ಎಂದು ಓದಿ ಓದಿ ಪಳಗಿದವರಿಗೆ ಕೆಂಪಿಗಿಂತ ಭೀಕರವಾದ ಬಣ್ಣ ಭೂಮಿಯ ಮೇಲಿಲ್ಲ. ನಾನು ಫ್ರಾನ್ಸಿನ ಒಂದು ಹಳ್ಳಿಯ ನಕ್ಷೆಯನ್ನು ಕಳಿಸಿದೆ. ಬೆಟ್ಟದ ತುಂಬ ಕುಂಕುಮ ಚೆಲ್ಲಿದಂತೆ ಕೆಂಪು ಗೆರೆಗಳು, ಎಲ್ಲವೂ ಅಗಲವಾದ, ಸಾಧು ಸ್ವಭಾವದ ದಾರಿಗಳು. ಕೆಂಪು ಕಪ್ಪಿಗಿಂತಲೂ ಕಷ್ಟದ್ದೆಂದು ತಿಳಿದ ನಾಗೇಶ ಕೂಡಲೇ ಫೋನ್ ಮಾಡಿದ.

‘ಕಪ್ಪು ನಮ್ಮ ಗುಡ್ಡದಲ್ಲೂ ಇದೆ, ಮೂರ್ತಿ. ಇದು ಫುಲ್ ರೆಡ್! ಇದೇ ಫೈನಲ್ ಮಾಡು, ಭಾನುವಾರ ಬುಕ್ ಮಾಡ್ಬಿಡೋಣ.’

ನಾನು ‘ನಿಮ್ಮಿಷ್ಟ’ ಎಂದೆ. ಸುಳ್ಳನ್ನೇನೂ ಹೇಳಲಿಲ್ಲ ನೋಡಿ. ಕಪ್ಪು ದಾರಿಗಳಿದ್ದ, ನಿಜವಾಗಿ ಗಟ್ಟಿಗರಿಗೆ ಹೇಳಿ ಮಾಡಿಸಿದಂಥ ಆಸ್ಟ್ರಿಯಾದ ಊರೊಂದನ್ನು ಪಟ್ಟಿಯಿಂದ ಮೆಲ್ಲಗೆ ತೆಗೆದುಹಾಕಿದ್ದೆ, ಅಷ್ಟೇ. ಮೂವರು ಸ್ನೇಹಿತರು ವರ್ಷಗಟ್ಟಲೆ ಕನಸು ಕಂಡ ಪ್ರವಾಸವನ್ನು ನನ್ನ ಒಂದು ಬಲತಿರುವಿನ ಅಳತೆಗೆ ಕತ್ತರಿಸಿಟ್ಟಿದ್ದೆ. ಆ ವಾರವಿಡೀ ಊಟ ರುಚಿಸಲಿಲ್ಲ.

ಬುಕ್ ಮಾಡುವ ಹಿಂದಿನ ದಿನ, ಶನಿವಾರ, ಎಂದಿನಂತೆ ಬೆಟ್ಟಕ್ಕೆ ಹೋದೆವು. ನಾಗೇಶ, ಲತಾ ಇಳಿದು ಹೋದರು. ಗಿರಿಜಾ ಹೊರಡಲಿಲ್ಲ, ನನ್ನತ್ತ ಕೈ ಚಾಚಿದರು.

‘ಆ ಚೀಲ ಇಲ್ಲಿ ಕೊಡ್ರಿ. ಇವತ್ತ ನೀವು ಮುಂದ ಹೋಗ್ರಿ, ನಾ ಹಿಂದ ಬರ್ತೀನಿ.’

‘ಬೇಡಿ, ನನಗೆ ಅಭ್ಯಾಸವಿದೆ’ ಎಂದೆ.

‘ಬೂಟಿನ ಬಕಲ್ ಹಾಕ್ಲಿಕ್ಕೆ ಹತ್ತು ಮಿನಿಟ ಬೇಕೇನ್ರಿ, ಮೂರ್ತಿಯವರ?’

ನಾನು ಬಗ್ಗಿ, ಸರಿಯಾಗಿಯೇ ಇದ್ದ ಬಕಲನ್ನು ಮತ್ತೊಮ್ಮೆ ಬಿಗಿ ಮಾಡಿದೆ.

‘ಹೋದ ವರ್ಷದಿಂದ ಬಲಕ್ಕ ತಿರುಗೂ ಮುಂದ ನಿಮ್ಮ ಭುಜ ಮ್ಯಾಲ ಏರ್ತಾವ. ಕೆಂಪ ಅಂದ್ರ ಏನಂತ ನನಗೂ ಗೊತ್ತದ. ನೀವಾಗೇ ಹೇಳ್ತೀರಿ ಅಂತ ಸುಮ್ನಿದ್ದೆ. ನಾಳೆ ಬುಕ್ ಆಗ್ತದ, ಇನ್ನ ಯಾವಾಗ ಹೇಳೋದು?’

‘ಆದರೆ ನಾನು ಯಾವಾಗಲೂ ಎಲ್ಲರ ಹಿಂದೆ ಬರುವವನು. ನಿಮಗೆ ಕಂಡದ್ದು ಹೇಗೆ?’

ಗಿರಿಜಾ ನಕ್ಕರು. ‘ಕೆಳಗ ನಿಂತವರಿಗೆ ಮತ್ತೇನ ಕೆಲಸ ಇರ್ತದರಿ? ಮ್ಯಾಲ ನೋಡ್ತೀವಿ. ಮ್ಯಾಲಿಂದ ಬರಾವ್ರು ನೀವೊಬ್ಬರ.’

ಅಯ್ಯೋ ದೇವರೇ! ಪರೀಕ್ಷಾ ವಿಭಾಗದಲ್ಲಿ ಇಷ್ಟು ವರ್ಷ ಅನ್ಯರ ತಪ್ಪು ಹುಡುಕಿದವನಿಗೆ ಇಷ್ಟು ಸರಳ ಸಂಗತಿ ಹೊಳೆದಿರಲಿಲ್ಲ. ಮೊದಲು ಇಳಿಯುವವರನ್ನು ನೋಡಲು ಯಾರಿಗೂ ಪುರಸೊತ್ತಿಲ್ಲ, ಎಲ್ಲರೂ ತಂತಮ್ಮ ಕಾಲು ನೋಡಿಕೊಳ್ಳುತ್ತಿರುತ್ತಾರೆ. ಕೊನೆಯವನು ಮಾತ್ರ ಇಡೀ ಬಿಳಿ ಬೆಟ್ಟದಲ್ಲಿ ಒಂಟಿಯಾಗಿ, ಮೂರು ಜೊತೆ ಕಣ್ಣುಗಳ ಮುಂದೆ, ಮೇಲಿನಿಂದ ಕೆಳಗಿನವರೆಗೆ ಪ್ರದರ್ಶನ ಕೊಡುತ್ತಾನೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಜೊತೆಗೇ, ಕಂಡೂ ಒಂದು ವರ್ಷ ಆಡದೆ ಕಾದರಲ್ಲ ಎಂಬ ಕೃತಜ್ಞತೆಯೂ ಹುಟ್ಟಿತು.

ಚೀಲ ಕೊಟ್ಟೆ. ಮುಂದೆ ಹೋದೆ. ಬಲತಿರುವುಗಳನ್ನು ಆಗತಾನೆ ಎದ್ದು ನಿಂತ ಎಳೆಗರುವಿನಂತೆ ತೊಡರಿಕೊಂಡೇ ಮುಗಿಸಿ, ಕೆಳಗೆ ನಿಂತಿದ್ದ ಗಂಡಹೆಂಡಿರಿಗೆ ಬಿದ್ದದ್ದು, ಹೆದರಿದ್ದು, ಕೆಂಪಿನ ಕಥೆ, ತೆಗೆದುಹಾಕಿದ ಊರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಲತಾ, ‘ಬಿದ್ದಿದ್ದು ಗೊತ್ತಿತ್ತು, ಮೈಯೆಲ್ಲ ಹಿಮ ಮೆತ್ತಿತ್ತಲ್ಲ. ಹೇಗಿದೀರಾ ಅಂತ ಕೇಳೋಕೆ ಸಂಕೋಚ ಆಗ್ತಿತ್ತು’ ಎಂದಳು. ನಾಗೇಶನ ದುಃಖ ಬೇರೆಯಿತ್ತು.

‘ಕೆಂಪು ಅಂದ್ರೆ ನಮ್ಮ ನೀಲಿನಾ? ಥೂ! ಆಫೀಸಲ್ಲಿ ಎಲ್ರಿಗೂ ಫುಲ್ ರೆಡ್ ಅಂತ ಹೇಳ್ಕೊಂಡ್ ಬಂದಿದೀನಿ ಗುರೂ!’

ಅಲ್ಲೇ ಹಿಮದ ಮೇಲೆ ನಿಂತು ತೀರ್ಮಾನವಾಯಿತು: ಆಸ್ಟ್ರಿಯಾದ ಊರೇ. ಅವರಿಗೆ ಕಪ್ಪು, ನನಗೆ ಕೆಂಪು, ಕೆಂಪೂ ಬೇಡವಾದ ದಿನ ತಂತಿಗೆ ನೇತುಬಿದ್ದು ಚಲಿಸುವ, ಗಾಜಿನ ಡಬ್ಬಿಯಂಥ ಗೊಂಡೊಲಾದಲ್ಲಿ ಕೂತು ಮರ್ಯಾದೆಯಾಗಿ ಇಳಿದು ಬರುವುದು. ಮಧ್ಯಾಹ್ನ ಮಾತ್ರ ನಾಲ್ವರೂ ಒಂದೇ ಕಡೆ ಸೇರಿ ಊಟ ಮಾಡಬೇಕು.

ಅಷ್ಟರಲ್ಲಿ ಗಿರಿಜಾ ಇನ್ನೂ ಬಂದಿಲ್ಲವೆಂಬುದು ನೆನಪಾಗಿ, ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ, ನಾನು ಕೆಳಗೆ ನಿಂತು ಮೇಲೆ ನೋಡಿದೆ. ನಮ್ಮೆಲ್ಲರಿಗಿಂತ ಚುರುಕಿನ ಆ ಹೆಂಗಸು ಅರ್ಧ ದಾರಿಯಲ್ಲಿ ನಿಂತಿದ್ದರು. ಬೆನ್ನ ಮೇಲಿನ ಬೂದು ಚೀಲ ಸ್ಪಷ್ಟವಾಗಿ ಕಾಣುತ್ತಿತ್ತು. ಎಡಮೊಣಕಾಲನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ಬಾಗಿದ್ದದ್ದೂ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ನೆಟ್ಟಗಾಗಿ, ಅಂದವಾಗಿ ಜಾರಿಕೊಂಡು ಬಂದು ನಮ್ಮ ಮುಂದೆ ನಿಂತರು.

‘ಬಕಲ್ ಸಡಿಲ ಆಗಿತ್ರಿ’ ಎಂದರು.

‘ಹೌದಾ’ ಎಂದೆ. ಅವರ ಹೆಗಲಿನಿಂದ ಚೀಲ ಇಳಿಸಿಕೊಂಡು, ಮುಲಾಮಿನ ಡಬ್ಬಿಯನ್ನು ಅವರ ಕೈಗೆ ಸಿಗುವ ಹಾಗೆ ಪಕ್ಕದಲ್ಲಿಟ್ಟು, ಮೊಸರನ್ನವನ್ನು ಅವರಿಗೇ ಮೊದಲು ಬಡಿಸಿದೆ.