ಏರಿ ಹತ್ತಿಸಿದ ಮಿಸ್ತ್ರಿ

ಮೊನ್ನೆ ತಂಗಿ ಮಗಳ ಕಿವಿಯಾನ ಬೆಂಡೋಲಿ ತಿರುಪು ಸವದೈತಂತ ಬಸವನ ಬಾಗೇವಾಡಿಯ ಬಂಗಾರದ ಅಂಗಡಿಗೆ ಹೋಗಿದ್ದೆ. ಪತ್ತಾರರ ಸಣ್ಣ ತಕ್ಕಡಿ ಗಾಜಿನ ಪೆಟ್ಟಿಗಿಯೊಳಗ ಕುಂತಿತ್ತು. ಉಸಿರು ತಾಗಿದ್ರೂ ನಡಗೂವಂಥಾದ್ದು. ಅದರ ಮ್ಯಾಲ ಅವರು ಬೆಂಡೋಲಿ ಇಟ್ರ ನನ್ನ ಕಣ್ಣಿಗೆ ಬಂಗಾರ ಕಾಣಲೇ ಇಲ್ಲ ನೋಡ್ರಿ. ಗ್ರೀಸ್ ಒರಸಿಟ್ಟ, ಸ್ಕೂಟರಿನ ಆರು ಕರೀ ರೋಲರ್ ಕಂಡವು... ಹುಣಸೀ ಬೀಜಕ್ಕಿಂತ ಸ್ವಲ್ಪ ದೊಡ್ಡವು, ಒಂದರ ಮಗ್ಗಲಕ ಒಂದು.

ಹಿಂದಕ ಇಂಥದ ಒಂದು ತಕ್ಕಡಿ ಮ್ಯಾಲ ಆ ರೋಲರ್ ತೂಗಿಸಿದವರು ಬಾಗೇವಾಡಿಯ ನಮ್ಮ ಮಿಸ್ತ್ರಿ. ಬಸ್‌ಸ್ಟ್ಯಾಂಡ್ ಹಿಂದ, ಹಿಟ್ಟಿನ ಗಿರಣಿ ಬಾಜೂಕ, ತಗಡಿನ ಶೆಡ್ಡಿನಾಗ ಗಾಡಿ ರಿಪೇರಿ ಮಾಡ್ತಿದ್ರು. ಊರೆಲ್ಲ ಮಿಸ್ತ್ರಿ ಅಂತಿತ್ತು, ನಾನೂ ಹಂಗ ಅಂತಿದ್ದೆ. ನಮ್ಮಪ್ಪನ ವಾರಗಿಯವರು. ತಲಿ ಮ್ಯಾಲ ಬಿಳೀ ಟೊಪ್ಪಿಗಿ, ಅದರ ಅಂಚಿಗೆ ಆಯಿಲ್ ಕಲಿ. ಮೈಯಾಗ ಮೂಳಿ ಬಿಟ್ರ ಏನೂ ಇರಲಿಲ್ಲ. ಸಿಟ್ಟು ಮಾತ್ರ ನಾಕು ಮಂದಿಗೆ ಆಗೂವಷ್ಟಿತ್ತು.

ನನ್ನ ಎಡಗಾಲು ಸಣ್ಣಾಕಿದ್ದಾಗ ಪೋಲಿಯೋದಾಗ ಹೋತು. ಕಾಲಿಗೆ ಕಬ್ಬಿಣದ ಕ್ಯಾಲಿಪರ್, ಕೈಯಾಗ ಊರುಗೋಲು. ಓದಿ ಸರಕಾರಿ ಸಾಲಿಯಾಗ ಅಕ್ಕೋರಾದೆ. ಗೇರ್ ಇಲ್ಲದ ಸ್ಕೂಟರ್ ತೊಗೊಂಡು, ಹಿಂದ ಎಡಕ್ಕೊಂದು ಬಲಕ್ಕೊಂದು ಸಣ್ಣ ಗಾಲಿ ಹಚ್ಚಿಸಿದೆ. ಸಪಾಟ ರಸ್ತೆದಾಗ ರಾಣಿ ಹಂಗ ಹೋಗ್ತಿದ್ದೆ. ಆದ್ರ ನನ್ನ ಸಾಲಿ ಇದ್ದದ್ದು ಕಾಲುವಿ ಆಚೆಕ. ಅಲ್ಲಿಗೆ ಹೋಗಬೇಕಂದ್ರ ಕಾಲುವಿ ಏರಿ ಹತ್ತಿ, ಪೂಲು ದಾಟಿ, ಇಳೀಬೇಕು. ಬ್ಯಾರೆ ದಾರಿ ಇರಲಿಲ್ಲ. ಆ ಏರಿ ಅರ್ಧಕ್ಕ ಬರೂದ್ರೊಳಗ ಗಾಡಿ ಉಬ್ಬಸ ಬಂದಂಗ ಆಗಿ ನಿಂತ ಬಿಡ್ತಿತ್ತು. ಆಮ್ಯಾಲ ಹೊಲಕ್ಕ ಹೊಂಟವರು ಯಾರಾದ್ರೂ ಬಂದು ದೂಡೂತನಕ ನಾನು ಬಿಸಲಾಗ ಕಾಯೂದು. ಅವರೇನು ಕೆಟ್ಟವರಲ್ಲ ಪಾಪ, ನಕ್ಕೋತ ದೂಡ್ತಿದ್ರು. ಆ ನಗಿ ನನಗ ಬೈಗಳಕಿಂತ ಜಾಸ್ತಿ ಚುಚ್ಚತಿತ್ತು.

ದಿನಾ ತಡ ಆತು. ಹೆಡ್‌ಮಾಸ್ತರು ಒಳ್ಳೇತನದಿಂದಲೇ ಹೇಳಿದ್ರು: ಆಫೀಸಿನಾಗ ಕುಂತು ಮಾಡೂ ಕೆಲಸ ಕೇಳಿ ಅರ್ಜಿ ಹಾಕ್ರಿ, ನಿಮ್ಮಂಥವರಿಗೆ ಕೊಡ್ತಾರ. ಅರ್ಜಿ ಫಾರ್ಮ್ ಸೈತ ತಂದು ನನ್ನ ಟೇಬಲ್ ಮ್ಯಾಲ ಇಟ್ರು. ದಸರಾ ಸೂಟಿ ಮುಗಿಯೂದ್ರೊಳಗ ಏರಿ ಹತ್ತೂ ದಾರಿ ಮಾಡ್ಕೋಬೇಕು, ಇಲ್ಲಾಂದ್ರ ಸಹಿ ಮಾಡಬೇಕು. ನಿಮ್ಮಂಥವರಿಗೆ! ನಾನು ಅಷ್ಟೆಲ್ಲ ಓದಿದ್ದು ಯಾರದೋ ಫೈಲಿಗೆ ದಾರ ಕಟ್ಟಾಕೇನು? ನನಗ ಮಕ್ಕಳು ಬೇಕಿತ್ತು, ಸಾಲಿ ಬೇಕಿತ್ತು. ಫಾರ್ಮ್ ಚೀಲದಾಗ ತುರುಕಿ ಗಾಡಿ ಹೊಳ್ಳಿಸಿದೆ.

ಮೊದಲ ವಿಜಾಪುರದ ಶೋರೂಮಿಗೆ ಹೋದೆ. ಇದು ಕಂಪನಿ ಸೆಟ್ಟಿಂಗ್, ಯಾರೂ ಮುಟ್ಟಾಕ ಬರೂದಿಲ್ಲ ಅಂದ್ರು. ಅಲ್ಲಿಂದ ಮಿಸ್ತ್ರಿ ಕಡೆ ಬಂದೆ. ಅವರು ಗಾಡಿ ಸುತ್ತ ಒಂದು ಸುತ್ತು ಹಾಕಿ, ಬಾಜೂ ಗಾಲಿ ಕಾಲಿಲೆ ಒದ್ದು ನೋಡಿ, ನನಗಿಂತ ಹೆಚ್ಚು ಸಿಟ್ಟಿಗೆದ್ರು.

"ಕಂಪನಿಯವ ಈ ಗಾಡಿ ಮಾಡಿದ್ದು ಎರಡು ಗಾಲಿಗೆರಿ ಅಕ್ಕೋರ. ನಿಮ್ಮದು ನಾಕು ಗಾಲಿ. ಅವನ ಸೆಟ್ಟಿಂಗ್ ನಿಮಗ್ಯಾಕ ಬೇಕು?"

ಎಡಗಡೆ ಮುಚ್ಚಳ ಬಿಚ್ಚಿದ್ರು. ಕಾದ ಬೆಲ್ಟಿನ ನಾತ ಮುಖಕ್ಕ ಹೊಡೀತು. ಗೇರ್ ಇಲ್ಲ ಅನ್ನೂದು ಸುಳ್ಳರಿ, ಗೇರ್ ಐತಿ, ಕಣ್ಣಿಗೆ ಕಾಣೂದಿಲ್ಲ ಅಷ್ಟ ಅಂತ ಹೇಳಿ ಒಂದೊಂದ ತೋರಿಸಿದ್ರು. ಮುಂದಿನ ಡಬ್ಬಿಯಾಗ ಆರು ರೋಲರ್. ಇಂಜಿನ್ ಜೋರು ತಿರಗಿದಂಗ ಅವು ಹೊರಗ ಸರೀತಾವು, ಬೆಲ್ಟನ್ನ ಮ್ಯಾಲ ಒತ್ತತಾವು, ಗಾಡಿ ಓಟದ ಗೇರಿಗೆ ಬೀಳ್ತೈತಿ. ರೋಲರ್ ಭಾರ ಇದ್ರ ಲಗೂ ಸರೀತಾವು. ನನ್ನ ಗಾಡಿ ಏರಿ ನಡುವ ಓಟದ ಗೇರಿಗೆ ಬಿದ್ದು ದಮ್ಮು ಕಳಕೊಳ್ಳಾಕತ್ತಿತ್ತು. ಅದಕ್ಕ ರೋಲರ್ ಹಗುರ ಮಾಡಬೇಕು, ಹಿಂದಿನ ಕ್ಲಚ್ಚಿಗೆ ಗಟ್ಟಿ ಸ್ಪ್ರಿಂಗ್ ಹಾಕಬೇಕು. ಇಂಜಿನ್ ಪೂರಾ ಉಸಿರು ತುಂಬ್ಕೊಂಡ ಮ್ಯಾಲ ಕ್ಲಚ್ ಹಿಡೀಬೇಕು. ನಾನು ಸ್ಟೂಲಿನ ಮ್ಯಾಲ ಕುಂತು ಎಲ್ಲಾ ನೋಡಿದೆ. ಸಾಲಿ ಕಲಿಸಾಕಿಗೆ ಅವತ್ತು ಅವರು ಸಾಲಿ ಕಲಿಸಿದ್ರು.

ಲೇಥ್ ಅಂಗಡಿಗೆ ಹೋಗಿ ರೋಲರ್ ಒಳಗಿನ ಲೋಹ ಕೊರಸಿದ್ರು. ಆರೂ ಒಂದ ತೂಕ ಇರಬೇಕು, ಇಲ್ಲಾಂದ್ರ ಗಾಡಿ ನಡಗತೈತಿ. ಅದಕ್ಕ ಅವನ್ನ ಪತ್ತಾರರ ಕಡೆ ಒಯ್ದ್ರು. ಬಂಗಾರ ತೂಗೂ ತಕ್ಕಡಿ ಮ್ಯಾಲ ಗ್ರೀಸಿನ ಸಾಮಾನು ಇಡಬ್ಯಾಡೋ ಮಾರಾಯಾ ಅಂತ ಪತ್ತಾರರು ಬಾಯಿ ಮಾಡಿದ್ರಂತ. ಸೀಮಿಎಣ್ಣಿಲೆ ತೊಳದು, ಅಂಗಿ ಚುಂಗಿಲೆ ಒರಸಿ ಇಟ್ಟು, ಒಂದು ಕಾಳು ಹೆಚ್ಚುಕಡಿಮಿ ಇಲ್ಲದಂಗ ಮಾಡ್ಕೊಂಡ ಬಂದ್ರು. ಮರುದಿನ ಸ್ವತಃ ಗಾಡಿ ಹತ್ತಿ ಕಾಲುವಿ ಏರಿಗೆ ಹೋಗಿ, ಬಾಣ ಬಿಟ್ಟಂಗ ಏರಿಸಿ ಇಳಿಸಿ ತಂದು ಕೊಟ್ರು. ನಾನು ಕುಣಿಯೂದೊಂದ ಬಾಕಿ.

ಸೂಟಿ ಮುಗಿಯಾಕ ಎರಡು ದಿನ ಇತ್ತು. ಹೆಡ್‌ಮಾಸ್ತರನ್ನ, ಊರಾನ ನಾಕು ಮಂದಿನ್ನ ಬೇಕಂತಲೇ ಕರಕೊಂಡ ಹೋದೆ. ನೋಡ್ಲಿ ಅಂತ. ಅರ್ಧ ಏರಿ ಚಲೋ ಹತ್ತಿದೆ. ಮುಕ್ಕಾಲಿಗೆ ಗಾಡಿ ಚೀರಿತು, ಬೆಲ್ಟ್ ಸುಟ್ಟ ಹೊಗಿ ಬಂತು, ನಿಂತಿತು. ಹಿಂದಕ ಜಾರಾಕತ್ತಿದ್ದಕ್ಕ ಯಾರೋ ಓಡಿ ಬಂದು ಗಾಲಿಗೆ ಕಲ್ಲು ಕೊಟ್ರು. ಹೆಡ್‌ಮಾಸ್ತರು ತಾವೂ ಬಂದು ಗಾಡಿ ದೂಡಾಕ ಕೈ ಹಚ್ಚಿದ್ರು. ಅವರು ಬೈದಿದ್ರ ನನಗ ಹಗುರಾಗ್ತಿತ್ತು.

ಗಾಡಿ ಟ್ರ್ಯಾಕ್ಟರಿನಾಗ ಹಾಕಿಸ್ಕೊಂಡು ಅಲ್ಲಿಂದ ನೆಟ್ಟಗ ಶೆಡ್ಡಿಗೆ ಬಂದೆ. ಕಣ್ಣಾಗ ನೀರು, ಬಾಯಾಗ ಬೆಂಕಿ. "ಮಿಸ್ತ್ರಿ, ನೀವು ಹತ್ತಿಸಿದ್ದು ನಿಮ್ಮನ್ನ, ನನ್ನನ್ನಲ್ಲ" ಅಂದೆ. ಅವರಿಗೆ ಫಕ್ಕನ ತಿಳೀತು. ತಲಿ ತಗ್ಗಿಸಿ ನಿಂತ್ರು. ಅಷ್ಟು ಸಿಟ್ಟಿನ ಮನಷ್ಯಾ, ನಾಚಿ ನೆಲ ಕೆರಿಯಾಕತ್ತಿದ್ರು.

"ಹೆಂಗ ಕೇಳ್ಲಿರಿ ಅಕ್ಕೋರ... ಹೆಣ್ಣಮಕ್ಕಳ ತೂಕ. ಅದೂ ಸಾಲಿ ಅಕ್ಕೋರದು. ನನ್ನಷ್ಟ ಇರಬೇಕಂತ ಹಿಡದೆರಿ."

ನನ್ನಷ್ಟ ಅಂತ! ಆ ಮೂಳಿ ಗೂಡಿನಷ್ಟ! ಮರ್ಯಾದಿ ಮಾಡಾಕ ಹೋಗಿ ಮನಷ್ಯಾ ನನ್ನ ಮಾನ ಏರಿ ಮ್ಯಾಲ ಹರಾಜು ಹಾಕಿದ್ದ. ಆದ್ರ ಖರೇ ಹೇಳ್ತೇನಿ, ತಪ್ಪು ಅವರದೊಂದ ಅಲ್ಲ. ನಾನೂ ಹೇಳಿರಲಿಲ್ಲ. ದವಾಖಾನಿಯಾಗ ಸೈತ ತೂಕದ ಮಶೀನ್ ಕಂಡ್ರ ಮುಖ ಹೊಳ್ಳಸೂ ಹೆಂಗಸು ನಾನು. ಕಾಲು ಒಂದು ಸೊಟ್ಟ, ಮೈ ದಪ್ಪ, ಮಂದಿ ಎಣಸಾಕ ಇನ್ನೊಂದು ಯಾಕ ಕೊಡೂದು ಅಂತ.

ಅವತ್ತು ಅದೇನು ಬಂತೋ ಮೈಯಾಗ. ಊರುಗೋಲು ಊರಿ ಬಾಜೂಕಿನ ಗಿರಣಿಗೆ ನಡದೆ. ಜ್ವಾಳದ ಚೀಲ ತೂಗೂ ಕಾಟಾ ಅಲ್ಲಿ ಬಾಗಲದಾಗ ಇತ್ತು. ಹಿಟ್ಟಿಗೆ ಬಂದ ಹತ್ತು ಹನ್ನೆರಡು ಮಂದಿ ನಿಂತಿದ್ರು. ಕ್ಯಾಲಿಪರ್ ಹಾಕ್ಕೊಂಡ, ಊರುಗೋಲು ಹಿಡಕೊಂಡ, ಪುಸ್ತಕದ ಚೀಲ, ಬುತ್ತಿ ಡಬ್ಬಿ ಹೆಗಲಿಗೆ ಹಾಕ್ಕೊಂಡ ಕಾಟಾ ಹತ್ತಿದೆ. ಗಿರಣಿಯವ ಮುಳ್ಳು ನೋಡಿ ಬಾಯಿ ಬಿಡವಲ್ಲ. ನಾನ ಬಗ್ಗಿ ನೋಡಿ ಒದರಿದೆ: ಎಂಬತ್ತೊಂದು ಕೇಜಿ! ಬರಕೋರಿ ಮಿಸ್ತ್ರಿ! ಯಾರೋ ಕಿಸಕ್ಕಂದ್ರು. ನಕ್ರ ನಗಲಿ ಬಿಡ್ರಿ, ಮೊದಲನೇ ಸಲ ಆ ನಗಿ ನನಗ ಚುಚ್ಚಲಿಲ್ಲ.

ಮಿಸ್ತ್ರಿ ನಗಲಿಲ್ಲ. ಅವರೂ ಕಾಟಾ ಹತ್ತಿ ಇಳದ್ರು. ತಮಗೂ ನನಗೂ ಎಷ್ಟು ಫರಕ್ಕಿತ್ತೋ ಅಷ್ಟು ಜ್ವಾಳ ಚೀಲಕ್ಕ ತುಂಬಿಸಿದ್ರು. ರೋಲರ್ ಮತ್ತಷ್ಟು ಕೊರಸಿದ್ರು, ಸುಟ್ಟ ಬೆಲ್ಟ್ ತಗದು ಹೊಸಾದು ಹಾಕಿದ್ರು, ಗುಜರಿಯಾಗಿಂದ ಹುಡಿಕಿ ತಂದ ಹಲ್ಲಿನ ಚಕ್ರ ಹಿಂದಿನ ಗಾಲಿಗೆ ಕೂಡಿಸಿದ್ರು. ಓಟ ಕಡಿಮಿ ಆಕ್ಕೈತಿ, ಜಗ್ಗೂ ತಾಕತ್ತು ಬರ್ತೈತಿ ಅಂದ್ರು. ಜ್ವಾಳದ ಚೀಲ ಹಿಂದ ಕಟಗೊಂಡ ಅವರು ಏರಿ ಹತ್ತಿಳಿಯೂದನ್ನ ನೋಡಿ ಊರ ಮಂದಿ, ಮಿಸ್ತ್ರಿ ಯಾಕ ಒಂದ ಚೀಲ ಜ್ವಾಳ ಅಡ್ಡಾಡಸಾಕತ್ತಾನ ಅಂತ ಕೇಳೂವಂಗಾತು.

ಸಾಲಿ ಸುರುವಾಗೂ ದಿನ ಮುಂಜಾನೆ ಅವರೂ ಬಂದು ಏರಿ ಕೆಳಗ ನಿಂತ್ರು. ಅರ್ಧ ದಾಟಿದೆ. ಇಂಜಿನ್ ಜೋರು ದನಿ ಮಾಡಾಕತ್ತಿತು. ಹೊಲಕ್ಕ ಹೊಂಟ ಇಬ್ಬರು ರೂಢಿ ಪ್ರಕಾರ ದೂಡಾಕ ಓಡಿ ಬಂದ್ರು. ಆಗ ಮಿಸ್ತ್ರಿ ಒದರಿದ್ದು ಇನ್ನೂ ಕಿವಿಯಾಗ ಐತಿ.

"ಯಾರೂ ಕೈ ಹಚ್ಚಬ್ಯಾಡ್ರಿ! ಅಕ್ಕೋರು ತಾವ ಹತ್ತತಾರ!"

ಹತ್ತಿದೆ. ಪೂಲಿನ ಮ್ಯಾಲ ಗಾಡಿ ನಿಲ್ಲಿಸಿ ಹೊಳ್ಳಿ ನೋಡಿದ್ರ ಅವರು ಆಗಲೇ ಬೆನ್ನು ಮಾಡಿ ಬಸ್ಸಿಗೆ ಹೊಂಟಿದ್ರು. ಸಾಲಿಗೆ ಹೋಗಿ ಅರ್ಜಿ ಫಾರ್ಮಿನ ಹಿಂದ ಒಂದನೇ ಇಯತ್ತೆ ಮಕ್ಕಳಿಗೆ ಕಾಗುಣಿತ ಬರದು ತೋರಿಸಿದೆ. ಆಮ್ಯಾಲ ಎಷ್ಟೋ ವರ್ಷ ಆ ಏರಿ ನಾನು ಒಬ್ಬಾಕಿನ ಹತ್ತಿ ಇಳದೇನಿ, ಈಗೂ ಹತ್ತತೇನಿ.

ಮಿಸ್ತ್ರಿ ಹೋಗಿ ಎರಡು ವರ್ಷ ಆತು. ಎದಿ ಹಿಡಕೊಂಡ ಕುಂತವರು ಏಳಲಿಲ್ಲಂತ. ನನಗ ತಿಳದದ್ದು ತಿಂಗಳ ಮ್ಯಾಲ. ಶೆಡ್ ಇದ್ದಲ್ಲಿ ಈಗ ಮೊಬೈಲ್ ಅಂಗಡಿ...

ಈ ಮಳಿಗಾಲದಾಗ ಗಾಡಿ ಮತ್ತ ಸೋಲಾಕತ್ತಿತು. ರೋಲರ್ ಸವದು ಚಪ್ಪಟಿ ಆಗಿದ್ವು. ಹೊಸ ಹೆಡ್‌ಮಾಸ್ತರು ಮತ್ತ ಅದ ಮಾತು ತಗದ್ರು, ಪ್ಯಾಟಿಗೆ ವರ್ಗ ತೊಗೊಂಡ್ಬಿಡ್ರಿ ಮೇಡಂ ಅಂತ. ನಿವೃತ್ತಿ ಆಗೂತನಕ ಇಲ್ಲೇ ಅಂದೆ. ಆಯಿತವಾರ ಪಡಸಾಲಿಯಾಗ ಗೋಣಿತಟ್ಟು ಹಾಸಿ, ಸ್ಪ್ಯಾನರ್ ತೊಗೊಂಡು ನಾನ ಮುಚ್ಚಳ ಬಿಚ್ಚಿದೆ. ಹೊಸಾ ರೋಲರ್ ತರಿಸಿ ಲೇಥಿನವನ ಕಡಿಂದ ಕೊರಸಿದೆ, ಹಾಕಿದೆ. ಏರಿ ಹತ್ತೂದೇನೋ ಹತ್ತಿತು. ಆದ್ರ ಸಪಾಟ ರಸ್ತೆಕ್ಕ ಬಂದ್ರ ಇಂಜಿನ್ ಚೀರತೈತಿ, ಗಾಡಿ ಮುಂದ ಹೋಗವಲ್ದು. ಹೆಚ್ಚು ಕೊರಸೇನಿ. ಅವರಿದ್ದಿದ್ರ ದೂರಿಂದ ದನಿ ಕೇಳೇ ಎಷ್ಟು ಹೆಚ್ಚಾತಂತ ಹೇಳಿ, ಚಂದಂಗ ಬೈತಿದ್ರು. ಈ ಊರಾಗ ಈಗ ನನ್ನ ತಪ್ಪು ಗೊತ್ತಾಗಿ ಬೈಯೂವರು ಒಬ್ಬರೂ ಉಳದಿಲ್ಲ. ಬರೂ ಆಯಿತವಾರ ಮತ್ತ ಬಿಚ್ಚತೇನಿ.