ಯಂತ್ರದ ಹೆಸರು: ಅಪ್ಪನ ಬೆಲ್ಟು

ಇವತ್ತು ಹಲಸಿನಕಾಯಿ ಹೆಚ್ಚಲು ಹೋಗಿ ಬೆರಳು ಹೆಚ್ಚಿಕೊಂಡೆ. ಹೆಂಡತಿ ಬೈಯುತ್ತಲೇ ಟಿಂಕ್ಚರ್ ಹಚ್ಚಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಪ್ಪತ್ತರ ದಶಕದ ಶುರುವಿನಲ್ಲಿ, ಕೊಚ್ಚಿಯ ಪಕ್ಕದ ಏಲೂರಿನ ಕಾರ್ಖಾನೆಯೊಂದರ ದವಾಖಾನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತಿದ್ದೆ. ಆಗ ನಾನು ಮೈಸೂರಿನಿಂದ ಬಂದ ಬ್ರಹ್ಮಚಾರಿ ಗುಮಾಸ್ತ. ಕುಚ್ಚಲಕ್ಕಿ ಅನ್ನ ಕಂಡರೆ ಅಳು ಬರುತ್ತಿದ್ದ ವೀರ.

ನಮ್ಮ ಡಾಕ್ಟರು ಧಾರವಾಡದ ಕಡೆಯ ಸುಶೀಲಾಬಾಯಿ. ಮ್ಯಾನೇಜರರ ಬೊಜ್ಜಿನ ಬಗ್ಗೆ ಮ್ಯಾನೇಜರರಿಗೇ ಭಾಷಣ ಬಿಗಿದವರು. ಒಂದು ಬೆಳಿಗ್ಗೆ ಸೀತಾರಾಮಯ್ಯನವರು ಆರು ವರ್ಷದ ಮಗಳು ವತ್ಸಲೆಯನ್ನು ಕರೆತಂದರು. ಅವರು ಕಾರ್ಖಾನೆಯ ಅಧಿಕಾರಿ, ಕನ್ನಡ ಸಂಘದ ಕಾರ್ಯದರ್ಶಿ, ಪ್ರತಿ ಭಾನುವಾರ ನನಗೆ ಸಾರನ್ನ ಹಾಕುತ್ತಿದ್ದ ಪುಣ್ಯಾತ್ಮರು. ಗಾಯಗೊಂಡ ಮಗುವನ್ನು ಹಾಗೆ ಕರೆತಂದದ್ದು ಅದು ಮೂರನೆಯ ಸಲ.

“ಮೆಟ್ಟಿಲಿಂದ ಬಿದ್ದುಬಿಟ್ಟಳು ಡಾಕ್ಟ್ರೇ.”

“ಎಲ್ಲೀ ಮೆಟ್ಟಿಲ್ರೀ? ನಿಮ್ಮ ಕ್ವಾರ್ಟರ್ಸಿಗೆ ಮಾಳಿಗೀನ ಇಲ್ಲಲ್ರಿ!”

ಡಾಕ್ಟರು ಅವರನ್ನು ಹೊರಗೆ ಕೂರಿಸಿ ಮಗುವನ್ನೇ ಕೇಳಿದರು. ಅಪ್ಪ ಕಲಿಸಿದ್ದ ಮೆಟ್ಟಿಲಿನ ಮಾತು ಕನ್ನಡದಲ್ಲಿತ್ತು. ಹುಡುಗಿ ಮಲಯಾಳಿ ನರ್ಸಿನ ಸೆರಗು ಹಿಡಿದು ಮಲಯಾಳದಲ್ಲೇ ಹೇಳಿದಳು: “ಅಪ್ಪ ತಲ್ಲಿ.” ಅಪ್ಪ ಹೊಡೆದರು. ನರ್ಸು ಅಂಗಿ ಎತ್ತಿ ನೋಡಿದರೆ ಬೆನ್ನ ತುಂಬ ಬೆಲ್ಟಿನಗಲದ ಬಾಸುಂಡೆ.

ಇಂಥದ್ದನ್ನು ವೈದ್ಯರು ತಿಳಿಸಲೇಬೇಕೆಂಬ ನಿಯಮ ಆಗ ನಮಗೆ ಗೊತ್ತಿರಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿದರೆ ಮನೆ ವಿಷಯ ಎಂದು ಇಟ್ಟುಬಿಟ್ಟರು. ಫಿಟ್ಟರನ ಕಿರುಬೆರಳು ಜಜ್ಜಿದರೆ ಮಾತ್ರ ಅಪಘಾತದ ಫಾರಂ ತುಂಬಿ, ಅದೇ ದಿನ ಒಂದು ಪ್ರತಿಯನ್ನು ತಿರುವನಂತಪುರದ ಕಾರ್ಖಾನೆ ಇನ್‌ಸ್ಪೆಕ್ಟರರ ಕಚೇರಿಗೆ ಅಂಚೆಗೆ ಹಾಕಬೇಕು.

“ಕ್ವಾರ್ಟರ್ಸು ಕಂಪನಿ ಕಾಂಪೌಂಡಿನ್ಯಾಗ ಐತಿ, ಹೌದಿಲ್ರಿ?” ಎಂದರು ಡಾಕ್ಟರು. “ತಗೀರಿ ಫಾರಂ.”

ಟೈಪಿಸಿದೆ. ಯಂತ್ರದ ಹೆಸರು: ಅಪ್ಪನ ಬೆಲ್ಟು. ಯಂತ್ರಕ್ಕೆ ರಕ್ಷಣಾ ಬೇಲಿ ಇದೆಯೇ: ಇಲ್ಲ. ಹಿಂದೆ ಅಪಘಾತವಾಗಿತ್ತೇ: ಎರಡು ಬಾರಿ. ಭಾನುವಾರದ ಸಾರು ಕೈತಪ್ಪುವ ಚಿಂತೆಯಲ್ಲಿ ಮೂರು ಹಾಳೆ ಕೆಡಿಸಿದೆ. ಸಂಜೆ ಮ್ಯಾನೇಜರು ಕೂಗಾಡಿದರು. ಅಷ್ಟರಲ್ಲಿ ಪ್ರತಿ ಅಂಚೆಗೆ ಬಿದ್ದಾಗಿತ್ತು. ನಿಯಮ ಪಾಲಿಸುವ ಗುಮಾಸ್ತನನ್ನು ಬ್ರಹ್ಮನೂ ತಡೆಯಲಾರ.

ವಾರದೊಳಗೆ ಉತ್ತರ ಬಂತು: ಸದರಿ ಯಂತ್ರದ ಬಳಕೆಯನ್ನು ಕೂಡಲೇ ನಿಲ್ಲಿಸತಕ್ಕದ್ದು, ಗಾಯಾಳುವನ್ನು ಪ್ರತಿ ಶನಿವಾರ ಪರೀಕ್ಷಿಸಿ ವರದಿ ಕಳಿಸತಕ್ಕದ್ದು. ದೇವರಿಗೂ ಹೆದರದ ಸೀತಾರಾಮಯ್ಯ ಫೈಲಿಗೆ ಹೆದರಿದರು. ಒಂದೂವರೆ ವರ್ಷ, ಅವರಿಗೆ ವರ್ಗವಾಗುವವರೆಗೆ, ತಪ್ಪದೆ ಮಗಳನ್ನು ತಂದು ತೋರಿಸಿದರು. ನಾನು ‘ಹೊಸ ಗಾಯವಿಲ್ಲ’ ಎಂದು ಟೈಪಿಸಿದೆ.

ಒಮ್ಮೆ ಕಡತ ಹೊತ್ತು ತಿರುವನಂತಪುರಕ್ಕೆ ಹೋದೆ. ತಂಪಾನೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬೆವರಿಕೊಂಡು ಆ ಕಚೇರಿ ಸೇರಿದರೆ, ಉತ್ತರ ಬರೆದಿದ್ದ ಅಧಿಕಾರಿ ಕಾಸರಗೋಡಿನ ಕನ್ನಡಿಗರು. “ಸರ್, ಅದು ನಿಜವಾಗಿ ಯಂತ್ರ ಅಲ್ಲ...” ಎಂದು ತೊದಲಿದೆ.

“ಎಂತ ಮಾರಾಯ, ಬೆಲ್ಟು ಅಂದ್ರೆ ಎಂತದೂಂತ ನಂಗೆ ಗೊತ್ತಿಲ್ವಾ? ನಾನೂ ಒಬ್ಬ ಅಪ್ಪನ ಮಗನೇ ಅಲ್ವಾ.”

ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿ ಶಭಾಷ್ ಗಿಟ್ಟಿಸಿದ್ದೇನೆ. ಇವತ್ತು ಬೆರಳಿಗೆ ಬಟ್ಟೆ ಸುತ್ತುತ್ತಿದ್ದ ಹೆಂಡತಿಗೂ ಹೇಳಿದೆ. ಅವಳು ನಗಲಿಲ್ಲ.

“ವಾರವಾರ ಆ ಮನೇಲೇ ಊಟ ಮಾಡ್ತಿದ್ರಲ್ಲ. ಡಾಕ್ಟ್ರಿಗಿಂತ ಮುಂಚೆ ನಿಮಗೆ ಗೊತ್ತಾಗಿರಲಿಲ್ವೇ?”

ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಗೊತ್ತಾಗಿತ್ತು. ಫಾರಂ ಹೋದದ್ದು ಶಿವರಾತ್ರಿಯ ಹೊತ್ತಿಗೆ. ಅದಕ್ಕೂ ಆರು ತಿಂಗಳು ಮುಂಚೆ, ಓಣಂ ಸಮಯದಲ್ಲೇ ಒಳಕೋಣೆಯಿಂದ ಏಟಿನ ಸದ್ದು ಕೇಳಿಸಿತ್ತು. ನಾನು ದನಿ ಎತ್ತರಿಸಿ ಇನ್ನೊಂದು ಸೌಟು ಸಾರು ಕೇಳಿದ್ದೆ. ಅದನ್ನೂ ಹೇಳಿದೆ.

“ಅಷ್ಟು ದಿನ ಅಲ್ಲಿ ಊಟ ಹೇಗ್ರೀ ಸೇರ್ತಿತ್ತು ನಿಮಗೆ?”

ಚೆನ್ನಾಗಿಯೇ ಸೇರುತ್ತಿತ್ತು.